ಟೇಪಿನಲ್ಲಿದ್ದ ಚಳಿ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಶಿವಶರಣಪ್ಪನವರೇ, ಇಂದಿನ ಸನ್ಮಾನಿತರಾದ ಗಂಗೂಬಾಯಿಯವರೇ, ಮಲ್ಕಾಜ್‌ಗಿರಿ ಕನ್ನಡ ಬಳಗದ ಸಭಿಕರೇ,

ಕರೆಂಟು ಹೋಗಿದೆ, ಫ್ಯಾನುಗಳು ನಿಂತಿವೆ. ಬೇಗ ಮುಗಿಸುತ್ತೇನೆ. ಪ್ರಾಧ್ಯಾಪಕನ ಬಾಯಲ್ಲಿ ಈ ಮಾತನ್ನು ಯಾರೂ ನಂಬುವುದಿಲ್ಲ, ಗೊತ್ತು.

ಗಂಗೂಬಾಯಿಯವರು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಹುಳುಗಳನ್ನು ಸಾಕಿದರು. 1981ರಲ್ಲಿ ನಾನು ಪಿಎಚ್.ಡಿ.ಗಾಗಿ ಎರಡು ಜಾತಿಯ ಜೀರುಂಡೆಗಳನ್ನು ಅಭ್ಯಾಸ ಮಾಡುತ್ತಿದ್ದೆ. ನೋಡಲು ಎರಡೂ ಒಂದೇ, ಇರುವುದೂ ಒಂದೇ ಹೊಲದಲ್ಲಿ. ಹಾಗಾದರೆ ಹೆಣ್ಣು ತನ್ನ ಜಾತಿಯ ಗಂಡನ್ನು ಗುರುತಿಸುವುದು ಹೇಗೆ? ಹಾಡಿನಿಂದ. ಗಂಡು ರೆಕ್ಕೆ ಉಜ್ಜಿ ಹಾಡುತ್ತದೆ. ಒಂದು ಜಾತಿಯ ಲಯ ಚುರುಕು, ಇನ್ನೊಂದರದು ನಿಧಾನ. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಹುಡುಗಿಯಿಂದ ಹಾಡಿಸುತ್ತಿದ್ದರು. ಜೀರುಂಡೆಗಳು ನಮಗಿಂತ ಮುಂದು: ಅಲ್ಲಿ ಹಾಡಬೇಕಾದ್ದು ಗಂಡು, ಆರಿಸುವುದು ಹೆಣ್ಣು.

ಡಿಸೆಂಬರಿನ ಚಳಿಯಲ್ಲಿ, ಲಿಂಗಂಪಲ್ಲಿಯ ಹೊಲದಲ್ಲಿ, ಚುರುಕು ಜಾತಿಯ ಹಾಡನ್ನು ಟೇಪ್ ಮಾಡಿದ್ದೆ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನಲ್ಲಿ ಅದನ್ನು ಹೆಣ್ಣುಗಳಿಗೆ ಕೇಳಿಸಿದೆ. ಸ್ಪೀಕರಿನ ಬಳಿ ಬಂದವು ಇನ್ನೊಂದು ಜಾತಿಯ ಹೆಣ್ಣುಗಳು. ಆರು ವಾರ ಇದೇ ಆಯಿತು. ಹಾಡಿಗೂ ಆಯ್ಕೆಗೂ ಸಂಬಂಧವಿಲ್ಲ ಎಂದು ಬರೆಯಲು ಕುಳಿತೆ.

ಪಂಜರ ತೊಳೆಯುತ್ತಿದ್ದ ಗಂಗೂಬಾಯಿ ಹೇಳಿದರು: "ಸರ್, ಚಳ್ಯಾಗ ಇವು ಸಾವಕಾಶ ಹಾಡ್ತಾವ್ರಿ. ಸೆಕಿ ಏರಿದ್ರ ಗಡಿಬಿಡಿ. ನಿಮ್ಮ ಟೇಪಿನ್ಯಾಗ ಚಳಿ ಐತಿ, ಶೆಡ್ಡಿನ್ಯಾಗ ಸೆಕಿ ಐತಿ. ಚುರುಕಿನ ಹಾಡು ನಿಧಾನದ್ದರಂಗ ಕೇಳಸ್ತೈತಿ, ಹೆಣ್ಣು ಮೋಸ ಹೋಗಾಕತ್ತಾವು."

"ನೀ ಪಂಜರಾ ತೊಳಿ. ಥೀಸಿಸ್ ನಾ ಬರೀತೀನಿ," ಎಂದೆ.

ಮರುದಿನ ಯಾರಿಗೂ ಹೇಳದೆ ಥರ್ಮಾಮೀಟರ್ ತಂದೆ. ಶೆಡ್ಡಿನ ಸೆಖೆಯಲ್ಲೇ ಎರಡೂ ಜಾತಿಯ ಹಾಡನ್ನು ಹೊಸದಾಗಿ ಟೇಪ್ ಮಾಡಿ ಕೇಳಿಸಿದೆ. ಒಂದೊಂದು ಹೆಣ್ಣೂ ತನ್ನ ಜಾತಿಯ ಹಾಡಿಗೇ ನಡೆದು ಬಂತು. ನನಗೆ ಡಿಗ್ರಿ ಬಂತು.

ಥೀಸಿಸ್ಸಿನಲ್ಲಿ ಮಾರ್ಗದರ್ಶಕರಿಗೆ, ಟೈಪಿಸ್ಟರಿಗೆ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದ ರಾಮಕೃಷ್ಣನಿಗೆ ಕೂಡ ವಂದನೆ ಇದೆ. ಗಂಗೂಬಾಯಿಯ ಹೆಸರಿಲ್ಲ. 1989ರಲ್ಲಿ ಲ್ಯಾಬ್ ಟೆಕ್ನೀಷಿಯನ್ ಹುದ್ದೆಗೆ ಅವರು ಅರ್ಜಿ ಹಾಕಿದರು. ಸಂಶೋಧನೆಗೆ ನೆರವಾದ ದಾಖಲೆ ಏನಾದರೂ ಇದೆಯೇ ಎಂದು ಸಮಿತಿ ಕೇಳಿತು. ಸಮಿತಿಯಲ್ಲಿ ನಾನೂ ಇದ್ದೆ, ಶೆಡ್ಡಿನ ಮಾತು ಎತ್ತಲಿಲ್ಲ. ಮರೆತಿದ್ದೆನೇ? ಹಾಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಅಟೆಂಡರ್ ಆಗಿಯೇ ನಿವೃತ್ತರಾದರು. ಹೋದ ವಾರ ಕಾಲೇಜಿನ ಬೀಳ್ಕೊಡುಗೆಯಲ್ಲಿ ನಾನು ತೆಲುಗಿನಲ್ಲಿ ಮಾತಾಡಿದೆ. ಜೀರುಂಡೆಯ ಕಥೆ ಹೇಳಿದೆ, ಈ ಭಾಗ ಹೇಳಲಿಲ್ಲ.

ಅದಕ್ಕೇ ಥೀಸಿಸ್ಸಿನ ಲೈಬ್ರರಿ ಪ್ರತಿಯನ್ನೇ ಇಲ್ಲಿಗೆ ತಂದಿದ್ದೇನೆ. ಪುಸ್ತಕದಲ್ಲಿ ಗೀಚಿದರೆ ದಂಡ ಎಂದಿದ್ದಾರೆ ಗ್ರಂಥಪಾಲ ಗುರುರಾಜರು. ಆಗಲಿ.

ನಿನ್ನೆ ಗಂಗೂಬಾಯಿಯವರ ಮನೆಗೆ ಹೋಗಿ, ಹೆಸರು ಸೇರಿಸಲೇ ಎಂದು ಕೇಳಿದೆ.

"ಈಗ ಬರದ್ರ ಆ ನೌಕರಿ ಬರ್ತೈತೇನ್ರಿ, ಸರ್?"

ಚಹಾ ಕೊಟ್ಟರು. ಆಮೇಲೆ ಅಂದರು: "ಬರೀರಿ. ಆದ್ರ ತಾರೀಖು ಹಾಕಿ ಬರೀರಿ. ಆವಾಗಲೇ ಬರದಿದ್ರಿ ಅಂತ ಯಾರೂ ತಿಳಕೋಬಾರದು."

ಇಗೋ, ನಿಮ್ಮೆದುರೇ ಬರೆಯುತ್ತಿದ್ದೇನೆ. ಗಂಗೂಬಾಯಿ. ಕೆಳಗೆ ತಾರೀಖು: 16 ಏಪ್ರಿಲ್ 2006.

ಈ ಸೆಖೆಯಲ್ಲೂ ಕುಳಿತು ಕೇಳಿದ ನಿಮಗೆಲ್ಲ ವಂದನೆಗಳು. ಗಂಗೂಬಾಯಿಯವರೇ, ನಿಮಗೆ ನಮಸ್ಕಾರ.