ನಡು ಕಂಬದ ನಾಲ್ಕು ಬೋಲ್ಟು

ಬ್ರಹ್ಮಾವರದ ಹೊಳೆಯ ಈಚೆ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಗುಣ ಕಟ್ಟೆಯ ಮೇಲೆ ಕೂತಿದ್ದಳು. ಹೊಳೆಯ ಮರದ ಸೇತುವೆ ದಾಟಿ ಬರುವ ಕುಂದಾಪುರದ ಬಸ್ಸಿನಲ್ಲಿ ಗಂಡ ಬರುವವನಿದ್ದ. ಪಕ್ಕದಲ್ಲಿ ಆ ಸಂಕದ ರಿಪೇರಿ ಕಂತ್ರಾಟಿನ ಆಳುಗಳಾದ ಬಚ್ಚ ಮತ್ತು ಮಂಜ ಬೀಡಿ ಸೇದುತ್ತಿದ್ದರು.

"ಇವತ್ತೂ ಕೆಲ್ಸ ಇಲ್ಯಾ ಬಚ್ಚಣ್ಣ?" ಎಂದ ಮಂಜ.

"ರಿಪೇರಿಗೆ ತಂದ ಮರ ಎಲ್ಲ ಯುದ್ಧಕ್ಕೆ ಹೋಯ್ತಲ್ದಾ ಮಾರಾಯ. ಸುಮ್ನೆ ಕೂಕಂಡ್ರೆ ನಾಳೆಯಿಂದ ಬರ್ಬೇಡಿ ಅಂತ್ರ್ ಮೇಸ್ತ್ರಿ."

"ಅದ್ಕೇ ಅಲ್ದಾ ದಿನಾ ಸಂಕದ ಬೋಲ್ಟ್ ಬಿಚ್ಚುದ್, ಎಣ್ಣಿ ಹಚ್ಚುದ್, ತಿರ್ಗಿ ಹಾಕುದ್!"

"ನಿನ್ನ ಹೆಂಡ್ತಿ ತಲಿಗೂ ಅಷ್ಟ್ ಎಣ್ಣಿ ಇಲ್ಲ!"

ಇಬ್ಬರೂ ನಕ್ಕರು.

"ನಡು ಕಂಬದ್ ನಾಕ್ ಬೋಲ್ಟ್ ಹಾಕ್ದ್ಯಾ?" ಬಚ್ಚ ಕೇಳಿದ.

"ನಾನಾ? ಮೇಸ್ತ್ರಿ ಊಟಕ್ಕೆ ಕರೆದ್ರಲ್ದಾ. ನೀವ್ ಹಾಕ್ತ್ರಿ ಅಂದ್ಕಂಡೆ."

ಬಚ್ಚ ಚೀಲಕ್ಕೆ ಕೈ ಹಾಕಿದ. ಎಣ್ಣೆಯಿಂದ ಮಿನುಗುವ ನಾಲ್ಕು ಬೋಲ್ಟು ಹೊರಬಂದವು. ಬಚ್ಚ ಅವನ್ನು ಬೇಗನೆ ಮತ್ತೆ ಚೀಲಕ್ಕೆ ತುರುಕಿದ.

"ಈಗ ಹಾಕುಕ್ ಹೋದ್ರೆ ಮೇಸ್ತ್ರಿ ಕಾಂತ್ರ್, ಕಂಡ್ರೆ ಇದ್ದ ಕೆಲ್ಸವೂ ಹೋತ್ತ್. ಬಸ್ ದಾಟ್ಲಿ. ಆಮೇಲೆ ಹೋಯಿ ಹಾಕುವ."

ಇಬ್ಬರೂ ಎದ್ದು ಗೂಡಂಗಡಿಯ ಕಡೆ ನಡೆದರು. ಹೊಳೆಯ ಆಚೆ ಬಸ್ಸಿನ ಹಾರ್ನು ಕೇಳಿಸಿತು. ಮಾತೆಲ್ಲ ಕೇಳಿಸಿಕೊಂಡಿದ್ದ ಸುಗುಣ ನಿದ್ದೆಯ ಮಗುವನ್ನು ಹೆಗಲಿಗೆ ಹಾಕಿಕೊಂಡು, ಬಸ್ಸು ನಿಲ್ಲಿಸಿ ಎಂದು ಕೈ ಬೀಸುತ್ತ ಸಂಕದತ್ತ ಓಡಿದಳು.