ಏನು ಗೆಣಸು ಕೀಳ್ತಿದ್ದೆ?

ಶ್ರೀಮಂತ ಒಬ್ಬ ಇದ್ದ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ನಿಮ್ಮಲ್ಲಿ ಕೆಲವರು ಎದ್ದು ಹೋಗುತ್ತೀರಿ. ಯಾರು ತಡವಾಗಿ ಬಂದರೂ ಅವನದು ಒಂದೇ ಪ್ರಶ್ನೆ: "ಇಷ್ಟೊತ್ತು ಏನು ಗೆಣಸು ಕೀಳ್ತಿದ್ದೆ?" ನೀವೂ ಕೇಳುತ್ತೀರಿ, ಅಲ್ಲವೇ? ನಮ್ಮ ಬಾಯಲ್ಲಿ ಗೆಣಸು ಕೀಳುವುದು ಎಂದರೆ ಕೆಲಸಕ್ಕೆ ಬಾರದ ಕೆಲಸ.

ಶಿವರಾತ್ರಿಯ ಬೆಳಿಗ್ಗೆ. ಶ್ರೀಮಂತನಿಗೆ ಉಪವಾಸ. ಜಗಲಿಯ ತುಂಬ ನೆಂಟರು. ಮನೆಗೆಲಸದ ಹೆಂಗಸು ತಡವಾಗಿ ಬಂದಳು, ಕಂಕುಳಲ್ಲಿ ಬುಟ್ಟಿ. ಅವನು ಬಿಟ್ಟಾನೆಯೇ? ಕೇಳಿಯೇ ಕೇಳಿದ. ಎಲ್ಲರೂ ನಕ್ಕರು.

ಅವಳು ಬುಟ್ಟಿ ಇಳಿಸಿ, "ಊಂ ಯಜಮಾನ್ರೇ, ಗೆಣಸೇ ಕೀಳ್ತಿದ್ದೆ" ಅಂದಳು. ನೋಡಿ, ಅದು ಎದುರುತ್ತರವಲ್ಲ, ನಿಜ. ಜನ ಇನ್ನೂ ಜೋರಾಗಿ ನಕ್ಕರು. ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಒಳಗೆ ಹೋದಳು.

ಸಂಜೆ ಪೂಜೆ ಮುಗಿದು ಶ್ರೀಮಂತನ ತಟ್ಟೆಗೆ ಬೇಯಿಸಿದ ಗೆಣಸು ಬಂತು. "ಏನು ಸಿಹಿ ಇದು" ಎಂದ. ಹೆಂಡತಿ ಹೇಳಿದಳು: "ಸಂತೇಲಿ ತಂದದ್ದೆಲ್ಲ ಹುಳುಕು. ಇದು ಅವಳ ಹಿತ್ತಲದ್ದು. ಗುದ್ದಲಿ ತಾಗಿದ್ರೆ ಗೆಣಸು ಸೀಳುತ್ತೆ, ಸೀಳಿದ್ದು ದೇವರಿಗೆ ಆಗೋಲ್ಲ ಅಂತ ಕೈಯಲ್ಲೇ ಬಗೆದಿದ್ದಾಳೆ. ಅವಳ ಉಗುರು ನೋಡಿದ್ರಾ ನೀವು?"

ನೋಡಿರಲಿಲ್ಲ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ತಟ್ಟೆ ಬಿಟ್ಟು ಎದ್ದ. ಎಲ್ಲಿಗೆ ಹೋದ? ಅವಳ ಮನೆಗೆ. ಹೇಗೆ ಹೋದ? ಅದನ್ನು ಕೇಳಿ. ನೆಂಟರ ಕಣ್ಣಿಗೆ ಬೀಳದ ಹಾಗೆ, ಹಿಂಬಾಗಿಲಿನಿಂದ.

"ತಪ್ಪಾಯ್ತಮ್ಮ" ಎಂದ, ಮೆಲ್ಲಗೆ.

ಅವಳು ಅತ್ತ ಇತ್ತ ನೋಡಿದಳು. "ಇಲ್ಲಿ ಯಾರೂ ಇಲ್ವಲ್ಲ ಯಜಮಾನ್ರೇ" ಅಂದಳು. "ಅಲ್ಲಿ ಅಷ್ಟು ಜನ ಇದ್ರು."

ಅವನು ಜಗಲಿಗೆ ಮರಳಿದ. ನೆಂಟರು ಇನ್ನೂ ಕೂತಿದ್ದರು. ಬಾಯಿ ತೆರೆದ. ಹೇಳಿದನೇ? ಹೇಳಲಿಲ್ಲ. ಮಾರನೆಯ ದಿನವೂ ಅವಳು ಕೆಲಸಕ್ಕೆ ಬಂದಳು, ಹೊಟ್ಟೆ ಕೇಳಬೇಕಲ್ಲ. ಅವಳ ಮುಖ ನೋಡುವುದು ಮಾತ್ರ ಅವನಿಂದ ಆಗಲಿಲ್ಲ.

ಅವನನ್ನು ಬೈಯಬೇಡಿ. ನಾವು ಅವಮಾನ ಮಾಡುವುದು ಹತ್ತು ಜನರ ಮುಂದೆ, ಕ್ಷಮೆ ಕೇಳುವುದು ಗುಟ್ಟಾಗಿ. ನಾನೂ ಅಷ್ಟೇ. ಈಗ ಒಂದು ಗಂಟೆಯ ಹಿಂದೆ, ಮೈಕು ಕಟ್ಟುವುದು ತಡವಾಯಿತೆಂದು ಚೌಡಪ್ಪನವರನ್ನು ಇದೇ ಪ್ರಶ್ನೆ ಕೇಳಿದೆ. ನೀವು ನಕ್ಕಿರಿ, ನಾನು ಹಿಗ್ಗಿದೆ. ಅವರು ಮಗಳನ್ನು ಹೆರಿಗೆಗೆ ಸೇರಿಸಿ ಬಂದಿದ್ದರಂತೆ. ಪ್ರವಚನ ಮುಗಿದ ಮೇಲೆ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿಬಿಡೋಣ ಅಂದುಕೊಂಡಿದ್ದೆ. ಈ ಕಥೆ ಹೇಳುತ್ತಾ ಹೇಳುತ್ತಾ ನನಗೇ ತಲೆ ಎತ್ತುವುದಕ್ಕಾಗುತ್ತಿಲ್ಲ. ಚೌಡಪ್ಪನವರೇ, ತಪ್ಪಾಯಿತು. ಎಲ್ಲರೂ ಕೇಳಿಸಿಕೊಳ್ಳಿ, ನನ್ನಿಂದ ತಪ್ಪಾಯಿತು.

ಇನ್ನು ನೀವು. ಯಾರ ಮುಂದೆ ಒಬ್ಬರ ಮಾನ ಕಳೆದಿರೋ, ನಾಳೆ ಅವರ ಮುಂದೆಯೇ ನಿಂತು ಈ ಒಂದು ಮಾತು ಹೇಳಿ. ಅಂಗಡಿಯಲ್ಲಿ ಆಳನ್ನು ಬೈದಿದ್ದರೆ, ಗಿರಾಕಿಗಳಿರುವಾಗಲೇ ಹೇಳಿ. ಊಟಕ್ಕೆ ಕೂತಾಗ ಸೊಸೆಯನ್ನು ಆಡಿಕೊಂಡಿದ್ದರೆ, ಎಲ್ಲರೂ ಊಟಕ್ಕೆ ಕೂತಿರುವಾಗಲೇ ಹೇಳಿ.