ಗ್ಯಾಸ್ ವಾಸನೆ ನನಗೆ ಬಾರದಿದ್ದ ಬಗ್ಗೆ

ಹೆಸರು: ಮುನಿಗಂಗಪ್ಪ ಬಿನ್ ಲೇಟ್ ಆಂಜಿನಪ್ಪ, ವಯಸ್ಸು 56 ವರ್ಷ, ಹೋಟೆಲಿನಲ್ಲಿ ಅಡುಗೆ ಕೆಲಸ, ವಾಸ: ಅಟ್ಟೂರು, ಯಲಹಂಕ, ಬೆಂಗಳೂರು.

ಈ ದಿನ ಬೆಳಗ್ಗೆ 11 ಗಂಟೆಗೆ ಠಾಣೆಗೆ ಕರೆಸಿ ಕೇಳಿದ್ದಕ್ಕೆ ನಾನು ಹೇಳುವುದೇನೆಂದರೆ, ನಾನು ಹನ್ನೊಂದು ವರ್ಷದಿಂದ ಅಟ್ಟೂರಿನ ವಿಜಯ್ ಕುಮಾರ್ ಎಂಬುವರ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿರುತ್ತೇನೆ. 2012ರಿಂದ ನನಗೆ ವಾಸನೆ ಹಿಡಿಯುವುದು ಕಡಿಮೆಯಾಯಿತು. ಒಗ್ಗರಣೆಗೆ ಇಂಗು ಹಾಕಿದರೂ ಗೊತ್ತಾಗುತ್ತಿರಲಿಲ್ಲ. ಕ್ಲಿನಿಕ್ ಡಾಕ್ಟರು ಮೂಗಿಗೆ ಡ್ರಾಪ್ಸ್ ಕೊಟ್ಟು, ಒಲೆ ಮುಂದೆ ನಿಲ್ಲುವವರಿಗೆ ಇದು ಮಾಮೂಲು ಎಂದರು. ಇನ್ನೊಮ್ಮೆ ಮಲಬದ್ಧತೆಗೆ ಹೋದಾಗ ಬಾಳೆಹಣ್ಣು ತಿನ್ನಲು ಹೇಳಿದರು. ನಾನು ನಿದ್ದೆಯಲ್ಲಿ ಕೂಗಾಡಿ ಕೈ ಬೀಸಿ ಪತ್ನಿ ಮುನಿನಾರಾಯಣಮ್ಮನ ತುಟಿ ಒಡೆದಾಗ, ಟೆನ್ಷನ್ ಮಾಡ್ಕೋಬೇಡಿ ಎಂದರು. ಇವೆಲ್ಲವನ್ನೂ ಸೇರಿಸಿ ಯಾರೂ ಕೇಳಲಿಲ್ಲ. ಸೇರಿಸಿ ಹೇಳಬೇಕೆಂದು ನನಗೂ ತಿಳಿದಿರಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ಹಳಸಿದ ಸಾಂಬಾರು ಗಿರಾಕಿಗಳಿಗೆ ಹೋಯಿತು. ನನಗೆ ವಾಸನೆಯೇ ಬರಲ್ಲ, ಬೇರೆ ಕೆಲಸ ಕೊಡಿ ಎಂದು ಮಾಲೀಕರನ್ನು ಕೇಳಿದೆ. ಅಡುಗೆ ಮಾಡೋದು ಕೈಯಲ್ಲೋ ಮೂಗಲ್ಲೋ ಎಂದು ಅವರು ನಕ್ಕರು.

ದಿನಾಂಕ 14-11-2016ರಂದು ಬೆಳಗ್ಗೆ 5.40ಕ್ಕೆ ನಾನು ಅಡುಗೆಮನೆ ತೆರೆದೆ. ಪಾತ್ರೆ ತೊಳೆಯುವ ಲಕ್ಷ್ಮಿದೇವಮ್ಮನವರು ಹಿಂದುಗಡೆ, ಸುಮಾರು ಹದಿನೈದು ಅಡಿ ದೂರದ ನಲ್ಲಿಯ ಹತ್ತಿರ ಇದ್ದರು. ಸಿಲಿಂಡರಿನ ಟ್ಯೂಬು ಸೀಳಿ ಗ್ಯಾಸ್ ತುಂಬಿಕೊಂಡಿತ್ತೆಂದು ಆಮೇಲೆ ತಿಳಿಯಿತು. 5.45ಕ್ಕೆ ನಾನು ಲೈಟರ್ ಹಿಡಿದಾಗ ಅವರು ಒಳಗೆ ಬಂದು, ಅಣ್ಣಾ ಗ್ಯಾಸು ಎಂದು ಕೂಗಿ ನನ್ನ ಅಂಗಿ ಹಿಡಿದು ಎಳೆದರು. ಅಷ್ಟರಲ್ಲಿ ಒತ್ತಿಬಿಟ್ಟಿದ್ದೆ. ಬೆಂಕಿ ಭಗ್ಗೆಂದಿತು. ನನ್ನ ಹುಬ್ಬು ಸುಟ್ಟಿತು. ಅವರ ಎಡಗೈ ಮೊಣಕೈವರೆಗೆ ಬೆಂದಿತು.

ನಾನು ಕುಡಿದಿದ್ದೆ ಎಂದು ಮಾಲೀಕರು ಠಾಣೆಯಲ್ಲಿ ತಮಗೆ ಹೇಳಿರುತ್ತಾರೆ. ನಾನು ಹೆಂಡ ಮುಟ್ಟುವವನಲ್ಲ. ಆ ದಿನ ಒಬ್ಬರಾದರೂ ನನ್ನ ಬಾಯಿ ಮೂಸಿ ನೋಡಲಿಲ್ಲ, ರಕ್ತ ತೆಗೆಯಲಿಲ್ಲ. ಅಕ್ಕಪಕ್ಕದವರು ಈಗ ನನ್ನ ಪತ್ನಿಯ ತುಟಿಯ ವಿಷಯವನ್ನೂ ಕುಡಿತಕ್ಕೇ ಸೇರಿಸಿ ಆಡಿಕೊಳ್ಳುತ್ತಿದ್ದಾರೆ.

ದಿನಾಂಕ 21-11-2016ರಂದು ಪತ್ನಿ ನನ್ನನ್ನು ನರರೋಗದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅವರು ಕಣ್ಣು ಮುಚ್ಚಿಸಿ ಕಾಫಿಪುಡಿ ಮೂಗಿಗೆ ಹಿಡಿದರು. ಏನೂ ಬರಲಿಲ್ಲ. ನಿದ್ದೆ, ಮಲಬದ್ಧತೆ ಎಲ್ಲ ಅವರಾಗಿಯೇ ಕೇಳಿದರು. ನಡೆಸಿ ನೋಡಿ, ಬಲಗೈ ಬೀಸುತ್ತಿಲ್ಲ ಎಂದರು. ಪಾರ್ಕಿನ್ಸನ್ ಕಾಯಿಲೆ ಇರಬಹುದು, ಕೈ ನಡುಗುವ ಎಷ್ಟೋ ವರ್ಷ ಮೊದಲೇ ಇಂಥವು ಕಾಣಿಸಿಕೊಳ್ಳುವುದುಂಟು, ಪೂರ್ತಿ ಪರೀಕ್ಷೆ ಮಾಡಿ ಹೇಳುತ್ತೇನೆ ಎಂದರು. ನನ್ನ ಪತ್ನಿ ಅಲ್ಲೇ ಅತ್ತಳು. ನಾಲ್ಕು ವರ್ಷದಿಂದ ಇದನ್ನೇ ಹೇಳ್ತಾ ಇದೀವಲ್ಲ ಸಾರ್ ಎಂದಳು. ಡಾಕ್ಟರ ಚೀಟಿ ಲಗತ್ತಿಸಿದ್ದೇನೆ.

ನಿನ್ನೆ ಸಂಜೆ 4 ಗಂಟೆಗೆ ಆಸ್ಪತ್ರೆಯಲ್ಲಿ ಲಕ್ಷ್ಮಿದೇವಮ್ಮನವರನ್ನು ಕಂಡು ವಿಷಯ ತಿಳಿಸಿದೆ. ಅವರು, ಮೊದ್ಲೇ ನಂಗೆ ಯೋಳ್ಬಾರ್ದಿತ್ತೇನಣ್ಣಾ, ದಿನಾ ನಾನೇ ಮೂಸಿ ನೋಡ್ತಿದ್ದೆ ಎಂದರು.

ಅವರ ಕೈ ಬೆಂದದ್ದು ನಾನು ಒತ್ತಿದ ಲೈಟರಿನಿಂದ. ಅದನ್ನು ಹಾಗೇ ಬರೆದುಕೊಳ್ಳಿ. ಕುಡಿದಿದ್ದ ಎಂಬುದನ್ನು ಮಾತ್ರ ಬರೆಯಬೇಡಿ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಯಲಹಂಕ
ದಿನಾಂಕ: 26-11-2016
ಸಹಿ/- ಮುನಿಗಂಗಪ್ಪ